ಸತ್ಯವಚನ (ಕ್ರೈಸ್ತ ನೀತಿ)

ಸತ್ಯವಚನ ಅಥವಾ ನಿತ್ಯಜೀವನದಲ್ಲಿ ನಿಜವನ್ನೇ ನುಡಿಯುವ ಕರ್ತವ್ಯವು ಕ್ರೈಸ್ತ ನೀತಿಬೋಧೆಯ ಪ್ರಮುಖ ಅಂಶಗಳಲ್ಲಿ ಒಂದು. ದಶಾಜ್ಞೆಗಳಲ್ಲಿ ಸುಳ್ಳುಸಾಕ್ಷಿಯನ್ನು ನಿಷೇಧಿಸುವ ಆಜ್ಞೆ ಮತ್ತು ಆಣೆಯ ವಿಷಯದಲ್ಲಿ ಯೇಸು ಕ್ರಿಸ್ತನು ಬೆಟ್ಟದ ಮೇಲೆ ನೀಡಿದ ಬೋಧನೆ ಇದರ ಎರಡು ಮುಖ್ಯ ಆಧಾರಗಳು. ಸುಳ್ಳಾಡುವುದು ತಪ್ಪು ಎಂಬುದರಲ್ಲಿ ಕ್ರೈಸ್ತ ಪಂಗಡಗಳ ನಡುವೆ ಭೇದವಿಲ್ಲ. ಆದರೆ ಸುಳ್ಳು ಎಂದರೆ ಏನು, ಪ್ರಾಣ ಉಳಿಸುವ ಸಲುವಾಗಿ ಹೇಳಿದ ಸುಳ್ಳೂ ಪಾಪವೇ, ನಿಜವನ್ನು ಮರೆಮಾಡುವುದಕ್ಕೂ ಸುಳ್ಳಾಡುವುದಕ್ಕೂ ಅಂತರವೆಷ್ಟು ಎಂಬ ಪ್ರಶ್ನೆಗಳ ಮೇಲೆ ಸುಮಾರು ಹದಿನಾರು ಶತಮಾನಗಳಿಂದ ವಾದ ನಡೆಯುತ್ತ ಬಂದಿದೆ.

ಬೈಬಲಿನಲ್ಲಿ

ಸುಳ್ಳುಸಾಕ್ಷಿಯನ್ನು ನಿಷೇಧಿಸುವ ಆಜ್ಞೆಯು ವಿಮೋಚನಕಾಂಡದ 20ನೆಯ ಅಧ್ಯಾಯದಲ್ಲಿಯೂ ಧರ್ಮೋಪದೇಶಕಾಂಡದ 5ನೆಯ ಅಧ್ಯಾಯದಲ್ಲಿಯೂ ಬರುತ್ತದೆ. ಕೆಥೋಲಿಕರು ಮತ್ತು ಲೂಥರನರು ಇದನ್ನು ಎಂಟನೆಯ ಆಜ್ಞೆಯೆಂದು ಎಣಿಸಿದರೆ, ಆರ್ಥೊಡಾಕ್ಸ್, ಆಂಗ್ಲಿಕನ್ ಮತ್ತು ಕ್ಯಾಲ್ವಿನ್ ಪರಂಪರೆಯ ಸಭೆಗಳು ಒಂಬತ್ತನೆಯದೆಂದು ಎಣಿಸುತ್ತವೆ. ಆದಕಾರಣ ಗ್ರಂಥಗಳಲ್ಲಿ "ಎಂಟನೆಯ ಆಜ್ಞೆ" ಎಂಬ ಉಲ್ಲೇಖ ಕಂಡಾಗ ಬರೆದವರ ಪಂಗಡವನ್ನು ಗಮನಿಸದಿದ್ದರೆ ಕಳ್ಳತನದ ಆಜ್ಞೆಯೊಂದಿಗೆ ಗೊಂದಲವಾಗುವುದುಂಟು.

ಮೂಲದಲ್ಲಿ ಈ ಆಜ್ಞೆಯ ನೆಲೆ ನ್ಯಾಯಸ್ಥಾನ. ಬೆರಳಚ್ಚು, ದಾಖಲೆಪತ್ರಗಳಿಲ್ಲದ ಕಾಲದಲ್ಲಿ ಸಾಕ್ಷಿಯ ಮಾತೊಂದೇ ಮನುಷ್ಯನ ಪ್ರಾಣವನ್ನು ತೆಗೆಯಬಹುದಾಗಿತ್ತು, ಉಳಿಸಬಹುದಾಗಿತ್ತು. ಧರ್ಮೋಪದೇಶಕಾಂಡದ 19ನೆಯ ಅಧ್ಯಾಯವು ಒಬ್ಬನೇ ಸಾಕ್ಷಿಯ ಮಾತಿನಿಂದ ಅಪರಾಧವನ್ನು ತೀರ್ಮಾನಿಸಬಾರದು, ಇಬ್ಬರು ಮೂವರಾದರೂ ಬೇಕು ಎನ್ನುತ್ತದೆ. ಸುಳ್ಳುಸಾಕ್ಷಿ ಹೇಳಿದವನು ಆರೋಪಿಗೆ ಯಾವ ಶಿಕ್ಷೆಯಾಗಲೆಂದು ಬಯಸಿದ್ದನೋ ಅದನ್ನೇ ಅವನಿಗೆ ವಿಧಿಸಬೇಕೆಂದೂ ವಿಧಿಸುತ್ತದೆ. ಈ ನಿಯಮದ ಅಗತ್ಯ ಎಷ್ಟಿತ್ತೆಂಬುದಕ್ಕೆ ನಾಬೋತನ ಕಥೆ ಸಾಕ್ಷಿ. ಅರಸನಾದ ಅಹಾಬನಿಗೆ ನಾಬೋತನ ದ್ರಾಕ್ಷಿತೋಟ ಬೇಕಾಯಿತು. ಅವನು ಪಿತ್ರಾರ್ಜಿತವನ್ನು ಕೊಡಲೊಪ್ಪಲಿಲ್ಲ. ರಾಣಿ ಈಜೆಬೆಲಳು ಇಬ್ಬರು ನೀಚರನ್ನು ಗೊತ್ತುಮಾಡಿ ನಾಬೋತನು ದೇವರನ್ನೂ ಅರಸನನ್ನೂ ಶಪಿಸಿದನೆಂದು ಸಾಕ್ಷಿ ಹೇಳಿಸಿದಳು. ಊರವರು ಅವನನ್ನು ಕಲ್ಲೆಸೆದು ಕೊಂದರು. ಇಬ್ಬರು ಸಾಕ್ಷಿಗಳು ಬೇಕೆಂಬ ನಿಯಮವನ್ನು ಇಲ್ಲಿ ಅಕ್ಷರಶಃ ಪಾಲಿಸಲಾಗಿತ್ತು ಎಂಬುದು ಈ ಕಥೆಯ ಕ್ರೂರ ವ್ಯಂಗ್ಯ.

ಇತರ ಭಾಗಗಳು ಈ ನಿಷೇಧವನ್ನು ನ್ಯಾಯಸ್ಥಾನದಿಂದ ಬೀದಿಗೂ ಮನೆಗೂ ತರುತ್ತವೆ. ಯಾಜಕಕಾಂಡದ 19ನೆಯ ಅಧ್ಯಾಯವು ಸುಳ್ಳಾಡುವುದನ್ನೂ ಚಾಡಿ ಹೇಳುತ್ತ ತಿರುಗುವುದನ್ನೂ ನಿಷೇಧಿಸಿ, ತಕ್ಕಡಿ, ತೂಕದ ಕಲ್ಲು, ಅಳತೆಗಳು ನ್ಯಾಯವಾಗಿರಬೇಕೆಂದು ಅದೇ ಉಸಿರಿನಲ್ಲಿ ಹೇಳುತ್ತದೆ. ತೂಕದಲ್ಲಿ ಮೋಸವೂ ಒಂದು ಬಗೆಯ ಸುಳ್ಳೇ ಎಂಬ ನಂತರದ ಬೋಧಕರ ಮಾತಿಗೆ ಇದು ಆಧಾರ. 15ನೆಯ ಕೀರ್ತನೆಯು ತನಗೆ ನಷ್ಟವಾದರೂ ಕೊಟ್ಟ ಮಾತನ್ನು ತಪ್ಪದವನನ್ನು ದೇವಸನ್ನಿಧಿಗೆ ಯೋಗ್ಯನೆಂದು ಎಣಿಸುತ್ತದೆ.

ಹೊಸ ಒಡಂಬಡಿಕೆಯಲ್ಲಿ ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯದ ಬೋಧನೆ ಮುಖ್ಯವಾದುದು. ಆ ಕಾಲದಲ್ಲಿ ಯಾವುದರ ಮೇಲೆ ಆಣೆಯಿಟ್ಟರೆ ಮಾತು ಎಷ್ಟು ಬಂಧಕ ಎಂಬ ಸೂಕ್ಷ್ಮ ಲೆಕ್ಕಾಚಾರ ನಡೆಯುತ್ತಿತ್ತು. ಯೇಸುವು ಆಕಾಶದ ಮೇಲಾಗಲಿ, ಭೂಮಿಯ ಮೇಲಾಗಲಿ, ತಲೆಯ ಮೇಲಾಗಲಿ ಆಣೆಯೇ ಬೇಡವೆಂದು ಹೇಳಿ, ಹೌದೆಂದರೆ ಹೌದೇ ಆಗಿರಲಿ, ಇಲ್ಲವೆಂದರೆ ಇಲ್ಲವೇ ಆಗಿರಲಿ ಎಂಬ ನಿಯಮವನ್ನು ಮುಂದಿಟ್ಟನು. ಆಣೆಯಿಟ್ಟು ಹೇಳುವ ಮಾತು, ಸುಮ್ಮನೆ ಹೇಳುವ ಮಾತು ಎಂಬ ಎರಡು ದರ್ಜೆಗಳನ್ನು ಇದು ಅಳಿಸಿಹಾಕುತ್ತದೆ. ಯಾಕೋಬನ ಪತ್ರಿಕೆಯ 5ನೆಯ ಅಧ್ಯಾಯವೂ ಇದನ್ನೇ ಹೇಳುತ್ತದೆ. ಯೋಹಾನನ ಸುವಾರ್ತೆಯಲ್ಲಿ ಕ್ರಿಸ್ತನು ತಾನೇ ಸತ್ಯವೆಂದು ಹೇಳಿಕೊಳ್ಳುವುದೂ ಸೈತಾನನನ್ನು ಸುಳ್ಳಿನ ತಂದೆಯೆಂದು ಕರೆಯುವುದೂ ಸತ್ಯವಚನಕ್ಕೆ ದೇವಶಾಸ್ತ್ರೀಯ ತೂಕವನ್ನು ಕೊಟ್ಟಿವೆ. ಎಫೆಸದವರಿಗೆ ಬರೆದ ಪತ್ರಿಕೆಯ 4ನೆಯ ಅಧ್ಯಾಯ ಕೊಡುವ ಕಾರಣ ಬೇರೆ ಬಗೆಯದು: ವಿಶ್ವಾಸಿಗಳು ಒಂದೇ ದೇಹದ ಅಂಗಗಳಾಗಿರುವುದರಿಂದ ನೆರೆಯವನಿಗೆ ಸುಳ್ಳು ಹೇಳುವುದು ತನ್ನ ಅಂಗಕ್ಕೇ ಸುಳ್ಳು ಹೇಳಿದಂತೆ. ಸತ್ಯವನ್ನು ಪ್ರೀತಿಯಿಂದ ನುಡಿಯಬೇಕೆಂಬ ಸೂಚನೆಯೂ ಅದೇ ಅಧ್ಯಾಯದಲ್ಲಿದೆ.

ಅಪೊಸ್ತಲರ ಕೃತ್ಯಗಳ 5ನೆಯ ಅಧ್ಯಾಯದಲ್ಲಿ ಅನನೀಯ ಮತ್ತು ಸಪ್ಫೈರ ದಂಪತಿಗಳು ಹೊಲ ಮಾರಿದ ಹಣದಲ್ಲಿ ಸ್ವಲ್ಪವನ್ನು ಇಟ್ಟುಕೊಂಡು ಪೂರ್ತಿ ಕೊಟ್ಟೆವೆಂದು ತೋರಿಸಿಕೊಂಡು ಸಾಯುತ್ತಾರೆ. ಹಣವನ್ನು ಇಟ್ಟುಕೊಳ್ಳುವ ಹಕ್ಕು ಅವರಿಗೆ ಇದ್ದೇ ಇತ್ತೆಂದು ಪೇತ್ರನು ಸ್ಪಷ್ಟವಾಗಿ ಹೇಳುವುದರಿಂದ, ಅವರ ಅಪರಾಧ ಜಿಪುಣತನವಲ್ಲ, ಸುಳ್ಳು ಎಂಬುದು ವ್ಯಾಖ್ಯಾನಕಾರರ ಸಾಮಾನ್ಯ ಅಭಿಪ್ರಾಯ. ತೀರ್ಪು ಹೇಳುವ ಇದೇ ಪೇತ್ರನು ಕ್ರಿಸ್ತನ ಬಂಧನದ ರಾತ್ರಿ ಅವನನ್ನು ಅರಿಯೆನೆಂದು ಮೂರು ಸಲ ಸುಳ್ಳಾಡಿದ್ದನು.

ಸೂಲಗಿತ್ತಿಯರು ಮತ್ತು ರಾಹಾಬಳು

ವಾದಕ್ಕೆ ಮೂಲವಾದ ಎರಡು ಪ್ರಸಂಗಗಳು ಬೈಬಲಿನಲ್ಲಿಯೇ ಇವೆ. ಇಬ್ರಿಯರ ಗಂಡುಕೂಸುಗಳನ್ನು ಕೊಲ್ಲಬೇಕೆಂದು ಫರೋಹನು ಅಪ್ಪಣೆ ಮಾಡಿದಾಗ ಶಿಪ್ರಾ ಮತ್ತು ಪೂಗಾ ಎಂಬ ಸೂಲಗಿತ್ತಿಯರು ಹಾಗೆ ಮಾಡಲಿಲ್ಲ. ತಾವು ಹೋಗುವುದರೊಳಗೆ ಇಬ್ರಿಯ ಸ್ತ್ರೀಯರು ಹೆತ್ತಿರುತ್ತಾರೆಂದು ನೆಪ ಹೇಳಿದರು. ದೇವರು ಅವರಿಗೆ ಒಳಿತನ್ನು ಮಾಡಿದನೆಂದು ವಿಮೋಚನಕಾಂಡ ಹೇಳುತ್ತದೆ. ಯೆರಿಕೋ ಪಟ್ಟಣದ ವೇಶ್ಯೆ ರಾಹಾಬಳು ಇಸ್ರಾಯೇಲಿನ ಗೂಢಚಾರರನ್ನು ಮಾಳಿಗೆಯ ಮೇಲೆ ಸೆಣಬಿನ ಕಡ್ಡಿಗಳ ಕೆಳಗೆ ಬಚ್ಚಿಟ್ಟು, ಅವರು ಹೊರಟುಹೋದರೆಂದು ರಾಜಭಟರಿಗೆ ಸುಳ್ಳು ಹೇಳಿದಳು. ಹೊಸ ಒಡಂಬಡಿಕೆಯ ಎರಡು ಪತ್ರಿಕೆಗಳು ಆಕೆಯನ್ನು ಮೆಚ್ಚಿಕೊಳ್ಳುತ್ತವೆ. ಮೆಚ್ಚುಗೆ ಆಕೆಯ ವಿಶ್ವಾಸಕ್ಕೋ, ಆತಿಥ್ಯಕ್ಕೋ, ಸುಳ್ಳಿಗೂ ಸೇರಿಯೋ? ಈ ಪ್ರಶ್ನೆಗೆ ಉತ್ತರ ಹೇಳದೆ ಮುಂದೆ ಸಾಗಿದ ಕ್ರೈಸ್ತ ನೀತಿಶಾಸ್ತ್ರಜ್ಞರು ವಿರಳ.

ಅಗಸ್ಟೀನನ ನಿಲುವು

ಉತ್ತರ ಆಫ್ರಿಕದ ಹಿಪ್ಪೊ ಪಟ್ಟಣದ ಬಿಷಪ್ ಅಗಸ್ಟೀನ್ (354–430) ಸುಳ್ಳಿನ ಬಗ್ಗೆ ಎರಡು ಪ್ರತ್ಯೇಕ ಗ್ರಂಥಗಳನ್ನು ರಚಿಸಿದನು. ಮೊದಲನೆಯದು ಸುಮಾರು 395ರ "ದೆ ಮೆಂದಾಚಿಯೊ"; ಎರಡನೆಯದು ಸುಮಾರು 420ರ "ಕೊಂತ್ರಾ ಮೆಂದಾಚಿಯುಮ್". ಮೊದಲ ಗ್ರಂಥ ತೀರ ಜಟಿಲವಾಗಿದೆಯೆಂದು ಲೇಖಕನಿಗೇ ಅತೃಪ್ತಿಯಿತ್ತು. ತನ್ನ ಕೃತಿಗಳನ್ನು ಮರುಪರಿಶೀಲಿಸಿದ ವೃದ್ಧಾಪ್ಯದ ಗ್ರಂಥದಲ್ಲಿ ಅವನು ಇದನ್ನು ಒಪ್ಪಿಕೊಂಡಿದ್ದಾನೆ.

ಅಗಸ್ಟೀನನ ಪ್ರಕಾರ ಸುಳ್ಳಿನ ಲಕ್ಷಣವಿರುವುದು ಮಾತು ಮತ್ತು ಮನಸ್ಸುಗಳ ನಡುವಿನ ಬಿರುಕಿನಲ್ಲಿ. ತಪ್ಪು ತಿಳಿವಳಿಕೆಯಿಂದ ತಪ್ಪನ್ನು ಹೇಳಿದವನು ಸುಳ್ಳುಗಾರನಲ್ಲ. ಸುಳ್ಳೆಂದು ನಂಬಿ, ಮೋಸಗೊಳಿಸುವ ಉದ್ದೇಶದಿಂದ ಹೇಳಿದವನ ಮಾತು ಆಕಸ್ಮಿಕವಾಗಿ ನಿಜವಾಗಿದ್ದರೂ ಅವನು ಸುಳ್ಳುಗಾರನೇ. ಅವನು ಸುಳ್ಳುಗಳನ್ನು ಎಂಟು ಬಗೆಯಾಗಿ ವಿಂಗಡಿಸಿದನು. ಧರ್ಮಬೋಧನೆಯಲ್ಲಿ ಹೇಳುವ ಸುಳ್ಳು ಎಲ್ಲಕ್ಕಿಂತ ಘೋರವಾದುದು. ಯಾರಿಗೂ ಹಾನಿ ಮಾಡದೆ ಒಬ್ಬರನ್ನು ದೇಹದ ಅಪವಿತ್ರತೆಯಿಂದ ಕಾಪಾಡುವ ಸುಳ್ಳು ಎಲ್ಲಕ್ಕಿಂತ ಲಘುವಾದುದು. ಆದರೆ ಎಂಟೂ ಪಾಪಗಳೇ.

ಈ ನಿಲುವಿನ ಕಠೋರತೆಯನ್ನು ಅಗಸ್ಟೀನನು ಬಲ್ಲವನಾಗಿದ್ದನು. ಎರಡನೆಯ ಗ್ರಂಥದಲ್ಲಿ ಅವನು ರೋಗಶಯ್ಯೆಯ ಪ್ರಸಂಗವೊಂದನ್ನು ಎತ್ತಿಕೊಳ್ಳುತ್ತಾನೆ. ಒಬ್ಬನು ಸಾವು ಬದುಕಿನ ನಡುವೆ ಮಲಗಿದ್ದಾನೆ; ಅವನ ಏಕಮಾತ್ರ ಪ್ರಿಯಪುತ್ರ ತೀರಿಕೊಂಡಿದ್ದಾನೆ; ಮಗ ಹೇಗಿದ್ದಾನೆಂದು ತಂದೆ ಕೇಳುತ್ತಾನೆ. ನಿಜ ಹೇಳಿದರೆ ಆ ಆಘಾತವೇ ಅವನನ್ನು ಕೊಲ್ಲಬಹುದು. ಗೊತ್ತಿಲ್ಲವೆಂದರೂ ಸುಳ್ಳು, ಬದುಕಿದ್ದಾನೆಂದರೂ ಸುಳ್ಳು, ಸುಮ್ಮನಿದ್ದರೆ ಉತ್ತರ ತಾನಾಗಿ ತಿಳಿದುಹೋಗುತ್ತದೆ. ಇಂತಹ ವೇಳೆಯಲ್ಲಿ ಸುಳ್ಳಿನ ಪರವಾದ ವಾದ ತನ್ನನ್ನು ಬಲವಾಗಿ ಅಲುಗಿಸುತ್ತದೆಂದು ಅವನು ಒಪ್ಪಿಕೊಳ್ಳುತ್ತಾನೆ, ಆದರೂ ಮಣಿಯುವುದಿಲ್ಲ. ಒಂದು ಸುಳ್ಳಿಗೆ ಬಾಗಿಲು ತೆರೆದರೆ ಅದರ ಹಿಂದೆ ಬರುವವುಗಳನ್ನು ತಡೆಯಲು ಗೆರೆ ಎಲ್ಲಿ ಎಳೆಯುವುದು ಎಂಬುದು ಅವನ ಪ್ರಶ್ನೆ. ಇಂದು ಆಸ್ಪತ್ರೆಗಳಲ್ಲಿ ರೋಗಿಯ ಬಂಧುಗಳು ಎದುರಿಸುವ ಇಕ್ಕಟ್ಟಿಗೂ ಇದಕ್ಕೂ ಹೆಚ್ಚಿನ ಅಂತರವಿಲ್ಲ.

ಸುಳ್ಳಾಡದೆಯೂ ಪ್ರಾಣ ಉಳಿಸಬಹುದೆಂಬುದಕ್ಕೆ ಅಗಸ್ಟೀನನು ತನ್ನ ಹುಟ್ಟೂರಾದ ತಗಸ್ತೆಯ ಬಿಷಪ್ ಫಿರ್ಮುಸನ ಕಥೆಯನ್ನು ಹೇಳುತ್ತಾನೆ. ಫಿರ್ಮುಸನು ಆಶ್ರಯ ಬೇಡಿ ಬಂದವನೊಬ್ಬನನ್ನು ಬಚ್ಚಿಟ್ಟಿದ್ದನು. ಚಕ್ರವರ್ತಿಯ ಅಧಿಕಾರಿಗಳು ಬಂದು ಕೇಳಿದಾಗ ತಾನು ಸುಳ್ಳನ್ನೂ ಹೇಳೆ, ಆ ಮನುಷ್ಯನನ್ನೂ ಒಪ್ಪಿಸೆ ಎಂದನು. ಚಿತ್ರಹಿಂಸೆಗೂ ಜಗ್ಗಲಿಲ್ಲ. ಕೊನೆಗೆ ಚಕ್ರವರ್ತಿಯು ಅವನ ಧೈರ್ಯಕ್ಕೆ ಮೆಚ್ಚಿ ಬಚ್ಚಿಟ್ಟವನನ್ನು ಕ್ಷಮಿಸಿದನು. ಎಲ್ಲ ಚಕ್ರವರ್ತಿಗಳೂ ಹೀಗಿರುವುದಿಲ್ಲ ಎಂಬುದು ಈ ಉದಾಹರಣೆಯ ದೌರ್ಬಲ್ಯ.

ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ ಬರುವ ಪೌಲ ಮತ್ತು ಪೇತ್ರರ ಜಗಳ ಕೇವಲ ನಟನೆಯೆಂದು ಜೆರೋಮ್ ವಿವರಿಸಿದ್ದನ್ನೂ ಅಗಸ್ಟೀನನು ಪತ್ರಮುಖೇನ ಖಂಡಿಸಿದನು. ಧರ್ಮಗ್ರಂಥದಲ್ಲಿ ಒಂದು ಹಿತಕರವಾದ ಸುಳ್ಳನ್ನು ಒಪ್ಪಿಕೊಂಡರೆ ಅದರ ಯಾವ ವಾಕ್ಯವನ್ನೂ ನಂಬುವಂತಿಲ್ಲವೆಂಬುದು ಅವನ ಭಯವಾಗಿತ್ತು.

ಪೂರ್ವದ ಪಿತಾಮಹರು

ಎಲ್ಲ ಪ್ರಾಚೀನ ಬೋಧಕರೂ ಅಗಸ್ಟೀನನಷ್ಟು ಕಟ್ಟುನಿಟ್ಟಾಗಿರಲಿಲ್ಲ. ಸನ್ಯಾಸಜೀವನದ ಬೋಧಕ ಜಾನ್ ಕ್ಯಾಸಿಯನ್ ಸುಳ್ಳನ್ನು ಹೆಲ್ಲೆಬೋರ್ ಎಂಬ ವಿಷಮೂಲಿಕೆಗೆ ಹೋಲಿಸಿದನು: ಪ್ರಾಣಾಂತಿಕ ರೋಗದಲ್ಲಿ ಮಾತ್ರ ಅದು ಮದ್ದು, ಆರೋಗ್ಯವಂತನಿಗೆ ವಿಷ. ಜಾನ್ ಕ್ರಿಸೋಸ್ತಮನು ತನ್ನ ಗೆಳೆಯನೊಬ್ಬನನ್ನು ಧರ್ಮಗುರುವಿನ ಪದವಿಗೆ ಒಪ್ಪಿಸಲು ಮಾಡಿದ ಉಪಾಯವನ್ನು ಸಮರ್ಥಿಸಿಕೊಳ್ಳುತ್ತ, ವೈದ್ಯರೂ ಸೇನಾಪತಿಗಳೂ ಹಿತಕ್ಕಾಗಿ ಮೋಸವನ್ನು ಬಳಸುತ್ತಾರೆಂದು ವಾದಿಸಿದ್ದಾನೆ. ಪಾಶ್ಚಾತ್ಯ ಸಭೆಯಲ್ಲಿ ಅಗಸ್ಟೀನನ ಮತವೇ ಮೇಲುಗೈ ಪಡೆಯಿತು.

ಅಕ್ವಿನಾಸ್ ಮತ್ತು ಮಧ್ಯಯುಗ

ತೋಮಸ್ ಅಕ್ವಿನಾಸ್ (ಸು. 1225–1274) ತನ್ನ "ಸುಮ್ಮಾ ಥಿಯೊಲೊಜಿಯೇ"ಯಲ್ಲಿ ಸತ್ಯವಂತಿಕೆಯನ್ನು ನ್ಯಾಯವೆಂಬ ಸದ್ಗುಣದ ಅಂಗವಾಗಿ ಇರಿಸಿದನು. ಮನುಷ್ಯನು ಸಂಘಜೀವಿ, ಒಬ್ಬರ ಮಾತನ್ನೊಬ್ಬರು ನಂಬದೆ ಕೂಡಿಬಾಳುವುದು ಅಸಾಧ್ಯ, ಆದುದರಿಂದ ನಿಜವು ನೆರೆಯವನಿಗೆ ಸಲ್ಲಬೇಕಾದ ಋಣ ಎಂಬುದು ಅವನ ತರ್ಕ. ಸುಳ್ಳುಗಳನ್ನು ಅವನು ವಿನೋದದವು, ಉಪಕಾರದವು, ಕೇಡಿನವು ಎಂದು ಮೂರಾಗಿಸಿದನು. ಮೊದಲೆರಡು ಸಾಮಾನ್ಯವಾಗಿ ಅಲ್ಪಪಾಪಗಳು; ಮೂರನೆಯದು ಘೋರ ಪಾಪವಾಗಬಲ್ಲದು. ಸುಳ್ಳಾಡುವಂತಿಲ್ಲವಾದರೂ ವಿವೇಕದಿಂದ ನಿಜವನ್ನು ಮರೆಸಿಡಬಹುದೆಂದು ಅವನು ಒಪ್ಪಿದನು. ಮುಂದಿನ ಶತಮಾನಗಳ ವಾದವೆಲ್ಲ ಈ ಸಣ್ಣ ಕಿಂಡಿಯ ಅಳತೆಯ ಕುರಿತದ್ದು.

ಮನದಲ್ಲಿ ಉಳಿಸಿಕೊಂಡ ಮಾತು

16ನೆಯ ಶತಮಾನದಲ್ಲಿ ಸ್ಪೇನಿನ ಧರ್ಮಶಾಸ್ತ್ರಜ್ಞ ಮಾರ್ಟಿನ್ ಅಸ್ಪಿಲ್ಕ್ವೇಟಾ ಮೊದಲಾದವರು, ವಾಕ್ಯದ ಒಂದು ಭಾಗವನ್ನು ಬಾಯಲ್ಲಿ ಹೇಳಿ ಉಳಿದುದನ್ನು ಮನಸ್ಸಿನಲ್ಲಿಯೇ ಪೂರೈಸಿಕೊಂಡರೆ ಅದು ಸುಳ್ಳಲ್ಲವೆಂದು ವಾದಿಸಿದರು. "ನಾನು ಅವನನ್ನು ನೋಡಿಲ್ಲ" ಎಂದು ಹೇಳಿ, "ನಿನಗೆ ತಿಳಿಸುವ ಉದ್ದೇಶದಿಂದ" ಎಂದು ಮನಸ್ಸಿನಲ್ಲಿ ಸೇರಿಸಿಕೊಳ್ಳುವುದು ಇದರ ರೀತಿ. ದೇವರು ಪೂರ್ಣ ವಾಕ್ಯವನ್ನು ಕೇಳಿಸಿಕೊಳ್ಳುವುದರಿಂದ ಅದು ನಿಜವೇ ಎಂಬುದು ಸಮರ್ಥನೆ.

ಪಂಡಿತರ ಕಸರತ್ತಿನಂತೆ ಕಾಣುವ ಈ ವಾದದ ಹಿಂದೆ ಪ್ರಾಣಸಂಕಟವಿತ್ತು. ಒಂದನೆಯ ಎಲಿಜಬೆತಳ ಇಂಗ್ಲೆಂಡಿನಲ್ಲಿ ಕೆಥೋಲಿಕ ಗುರುಗಳು ಇರುವುದೇ ರಾಜದ್ರೋಹ, ಅವರಿಗೆ ಆಶ್ರಯ ಕೊಟ್ಟವರಿಗೂ ಮರಣದಂಡನೆ. ಮನೆಯಲ್ಲಿ ಗುರು ಇದ್ದಾನೆಯೇ ಎಂದು ಕೇಳಿದರೆ ಮನೆಯವರು ಏನು ಹೇಳಬೇಕು? 1595ರಲ್ಲಿ ಯೇಸುಸಭೆಯ ರಾಬರ್ಟ್ ಸೌತ್‌ವೆಲ್‌ನ ವಿಚಾರಣೆಯಲ್ಲಿ ಈ ಪ್ರಶ್ನೆ ಎದ್ದಿತು. 1606ರಲ್ಲಿ, ಸಂಸತ್ತನ್ನು ಸ್ಫೋಟಿಸುವ ಸಂಚಿನ ಪ್ರಕರಣದಲ್ಲಿ ಹೆನ್ರಿ ಗಾರ್ನೆಟ್‌ನ ವಿಚಾರಣೆಯಾದಾಗ ಇಂತಹ ದ್ವಂದ್ವಾರ್ಥದ ಮಾತು ಊರೆಲ್ಲ ಹಾಸ್ಯಕ್ಕೂ ಕೋಪಕ್ಕೂ ಗುರಿಯಾಯಿತು. ಶೇಕ್ಸ್‌ಪಿಯರನ "ಮ್ಯಾಕ್‌ಬೆತ್" ನಾಟಕದ ದ್ವಾರಪಾಲಕನ ದೃಶ್ಯದಲ್ಲಿ ಅದರ ಪ್ರತಿಧ್ವನಿಯನ್ನು ವಿಮರ್ಶಕರು ಗುರುತಿಸುತ್ತಾರೆ. ಫ್ರಾನ್ಸಿನಲ್ಲಿ ಬ್ಲೇಸ್ ಪಾಸ್ಕಲ್ 1656–57ರ "ಪ್ರಾಂತೀಯ ಪತ್ರ"ಗಳಲ್ಲಿ ಈ ಸಿದ್ಧಾಂತವನ್ನು ತೀವ್ರವಾಗಿ ಲೇವಡಿ ಮಾಡಿದನು. 1679ರಲ್ಲಿ ಪೋಪ್ ಹನ್ನೊಂದನೆಯ ಇನ್ನೊಸೆಂಟನು ಕೇಳುವವನಿಗೆ ಊಹಿಸಲು ಯಾವ ದಾರಿಯೂ ಇಲ್ಲದಂತೆ ಮನಸ್ಸಿನಲ್ಲಿ ಮಾತು ಉಳಿಸಿಕೊಳ್ಳುವುದನ್ನು ಖಂಡಿಸಿದನು. ಸಂದರ್ಭದಿಂದ ಅರ್ಥವಾಗಬಲ್ಲ ಮಾತು ಮಾತ್ರ ಉಳಿಯಿತು: ಮನೆಯಲ್ಲಿದ್ದೂ "ಯಜಮಾನರು ಇಲ್ಲ" ಎಂದು ಸೇವಕ ಹೇಳಿದರೆ, ಈಗ ಭೇಟಿಗೆ ಸಿಗುವುದಿಲ್ಲವೆಂದು ಲೋಕವೇ ತಿಳಿಯುತ್ತದೆ ಎಂಬುದು ಇದಕ್ಕೆ ಕೊಡುವ ಪ್ರಸಿದ್ಧ ಉದಾಹರಣೆ.

ಸುಧಾರಣಾ ಪಂಥಗಳು

ಮಾರ್ಟಿನ್ ಲೂಥರನ 1529ರ ಕಿರು ಧರ್ಮೋಪದೇಶವು ಈ ಆಜ್ಞೆಯನ್ನು ಮುಖ್ಯವಾಗಿ ನೆರೆಯವನ ಹೆಸರಿನ ರಕ್ಷಣೆಯೆಂದು ವಿವರಿಸುತ್ತದೆ: ಅವನಿಗೆ ದ್ರೋಹ ಬಗೆಯದೆ, ಅಪನಿಂದೆ ಮಾಡದೆ, ಅವನ ಪರವಾಗಿ ಮಾತಾಡಿ, ಅವನ ನಡತೆಗೆ ಆದಷ್ಟು ಒಳ್ಳೆಯ ಅರ್ಥ ಹಚ್ಚಬೇಕು. ಆದರೆ ಇದೇ ಲೂಥರನು 1540ರಲ್ಲಿ ಹೆಸ್ಸೆಯ ಫಿಲಿಪನ ಗುಟ್ಟಿನ ಎರಡನೆಯ ಮದುವೆ ಬಯಲಾದಾಗ, ಸಭೆಯ ಹಿತಕ್ಕಾಗಿ ಅದನ್ನು ಸಾರಾಸಗಟಾಗಿ ಅಲ್ಲಗಳೆಯುವುದೇ ಮೇಲೆಂದು ಸಲಹೆ ನೀಡಿದನು. ಅವನ ಕೀರ್ತಿಗೆ ಅಂಟಿದ ಕಲೆಗಳಲ್ಲಿ ಇದೂ ಒಂದು. ಜಾನ್ ಕ್ಯಾಲ್ವಿನನು ಅಗಸ್ಟೀನನ ದಾರಿಯನ್ನೇ ಹಿಡಿದು, ಸೂಲಗಿತ್ತಿಯರ ಮತ್ತು ರಾಹಾಬಳ ಸತ್ಕಾರ್ಯವನ್ನು ಹೊಗಳಿ ಸುಳ್ಳನ್ನು ಮಾತ್ರ ದೋಷವೆಂದನು. 1625ರಲ್ಲಿ ನ್ಯಾಯಶಾಸ್ತ್ರಜ್ಞ ಹ್ಯೂಗೊ ಗ್ರೋಷಿಯಸ್ ಹೊಸ ಅಂಶವೊಂದನ್ನು ತಂದನು: ಕೇಳುವವನಿಗೆ ನಿಜವನ್ನು ತಿಳಿಯುವ ಹಕ್ಕಿದ್ದು ಅದನ್ನು ಉಲ್ಲಂಘಿಸಿದಾಗ ಮಾತ್ರ ಸುಳ್ಳು ದೋಷವಾಗುತ್ತದೆ. ಕೊಲೆಗಾರನಿಗೆ ಅಂತಹ ಹಕ್ಕಿಲ್ಲ.

ಆಣೆ ಮತ್ತು ಕ್ವೇಕರರು

ಬೆಟ್ಟದ ಬೋಧನೆಯನ್ನು ಅಕ್ಷರಶಃ ತೆಗೆದುಕೊಂಡವರು ಆಣೆಯನ್ನೇ ನಿರಾಕರಿಸಿದರು. 1527ರ ಷ್ಲೈಟ್‌ಹೈಮ್ ಒಪ್ಪಂದದಲ್ಲಿ ಅನಾಬ್ಯಾಪ್ಟಿಸ್ಟರು ಇದನ್ನು ತಮ್ಮ ಏಳು ನಿಯಮಗಳಲ್ಲಿ ಸೇರಿಸಿದರು. ಇದಕ್ಕೆ ಎದುರಾಗಿ ಆಂಗ್ಲಿಕನ್ ಸಭೆಯ 39 ಸೂತ್ರಗಳಲ್ಲಿ ಕೊನೆಯದು, ನ್ಯಾಯಾಧಿಕಾರಿ ಕೇಳಿದಾಗ ಆಣೆಯಿಡಲು ಅಡ್ಡಿಯಿಲ್ಲವೆನ್ನುತ್ತದೆ.

17ನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ ಹುಟ್ಟುಹಾಕಿದ ಕ್ವೇಕರ್ ಪಂಥದವರಿಗೆ ಇದು ದೊಡ್ಡ ಪರೀಕ್ಷೆಯಾಯಿತು. ಆಣೆಯಿಟ್ಟಾಗ ಮಾತ್ರ ನಿಜ ಹೇಳುವೆನೆಂದರೆ ಉಳಿದ ವೇಳೆ ಸುಳ್ಳಾಡಬಹುದೆಂದು ಒಪ್ಪಿದಂತಾಯಿತೆಂಬುದು ಅವರ ವಾದ. ರಾಜನಿಷ್ಠೆಯ ಆಣೆಯನ್ನು ನಿರಾಕರಿಸಿದವರನ್ನು ಸೆರೆಗೆ ತಳ್ಳಲಾಯಿತು. 1664ರಲ್ಲಿ ಮಾರ್ಗರೆಟ್ ಫೆಲ್ ಹೀಗೆ ಬಂಧಿತಳಾಗಿ ಲ್ಯಾಂಕಾಸ್ಟರ್ ಕೋಟೆಯಲ್ಲಿ ನಾಲ್ಕು ವರ್ಷಗಳಿಗೂ ಹೆಚ್ಚು ಕಾಲ ಇದ್ದಳು. 1696ರಲ್ಲಿ ಸಂಸತ್ತು ಆಣೆಯ ಬದಲು ದೃಢವಚನವನ್ನು ಒಪ್ಪಿತಾದರೂ, ಕ್ರಿಮಿನಲ್ ಮೊಕದ್ದಮೆಯ ಸಾಕ್ಷ್ಯ, ಜ್ಯೂರಿ ಸದಸ್ಯತ್ವ ಮತ್ತು ಸರ್ಕಾರಿ ಹುದ್ದೆಗಳಿಗೆ ಅದು ಅನ್ವಯಿಸಲಿಲ್ಲ. ಜೋಸೆಫ್ ಪೀಸ್ ಎಂಬ ಕ್ವೇಕರನು ದೃಢವಚನ ನೀಡಿ ಬ್ರಿಟಿಷ್ ಸಂಸತ್ತಿನಲ್ಲಿ ಕುಳಿತುದು 1833ರಲ್ಲಿ.

ಅಂಗಡಿಯಲ್ಲಿಯೂ ಈ ನಿಯಮ ಫಲ ಕೊಟ್ಟಿತು. ಹತ್ತಕ್ಕೆ ಮಾರಲು ಸಿದ್ಧನಿದ್ದು ಹದಿನೈದು ಕೇಳುವುದು ಸುಳ್ಳೆಂದು ಭಾವಿಸಿದ ಕ್ವೇಕರ್ ವರ್ತಕರು ಚೌಕಾಸಿಯನ್ನು ಬಿಟ್ಟು ಸರಕಿಗೆ ಒಂದೇ ಬೆಲೆಯನ್ನು ಹೇಳತೊಡಗಿದರು. ಮೊದಮೊದಲು ಗಿರಾಕಿಗಳು ದೂರ ಸರಿದರೂ, ಮಗುವನ್ನು ಕಳುಹಿಸಿದರೂ ಅದೇ ಬೆಲೆಗೆ ಸರಕು ಸಿಗುವುದೆಂದು ತಿಳಿದಮೇಲೆ ವ್ಯಾಪಾರ ವೃದ್ಧಿಸಿತೆಂದು ಫಾಕ್ಸ್ ತನ್ನ ದಿನಚರಿಯಲ್ಲಿ ದಾಖಲಿಸಿದ್ದಾನೆ.

ಭಾರತದಲ್ಲಿ 1873ರ ಆಣೆಗಳ ಅಧಿನಿಯಮವು ಹಿಂದೂ ಮತ್ತು ಮುಸ್ಲಿಂ ಸಾಕ್ಷಿಗಳ ಜೊತೆಗೆ ಆಣೆಗೆ ಆಕ್ಷೇಪವಿರುವ ಯಾರಿಗಾದರೂ ದೃಢವಚನವನ್ನು ವಿಧಿಸಿತು. 1969ರ ಅಧಿನಿಯಮದಲ್ಲಿ ಸಾಕ್ಷಿಯು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಸಂವಿಧಾನದ ಮೂರನೆಯ ಅನುಸೂಚಿಯಲ್ಲಿಯೂ ಮಂತ್ರಿಗಳು ಮತ್ತು ಶಾಸಕರಿಗೆ ದೇವರ ಹೆಸರಿನಲ್ಲಿ ಪ್ರಮಾಣ ಅಥವಾ ದೃಢವಚನ ಎಂಬ ಎರಡು ಆಯ್ಕೆಗಳಿವೆ.

ಎರಡನೆಯ ಮಹಾಯುದ್ಧದ ಕಾಲ

ಯೆಹೂದ್ಯರನ್ನು ಬಚ್ಚಿಟ್ಟ ಕ್ರೈಸ್ತರಿಗೆ ರಾಹಾಬಳ ಪ್ರಶ್ನೆ ಪುಸ್ತಕದಿಂದ ಹೊರಬಂದು ಬಾಗಿಲನ್ನೇ ತಟ್ಟಿತು. ಫ್ರಾನ್ಸಿನ ಲ ಶಾಂಬೊನ್ ಗ್ರಾಮದಲ್ಲಿ ಪಾಸ್ಟರ್ ಆಂಡ್ರೆ ಟ್ರೊಕ್ಮೆಯ ಮುಂದಾಳ್ತನದಲ್ಲಿ ಪ್ರಾಟೆಸ್ಟಂಟ್ ಜನರು ನಿರಾಶ್ರಿತರನ್ನು ಉಳಿಸಿದಾಗ ನಕಲಿ ಗುರುತುಪತ್ರಗಳೂ ಬೇಕಾದವು. ನೆದರ್ಲೆಂಡ್ಸಿನ ಹಾರ್ಲೆಮ್ ಪಟ್ಟಣದ ಕೋರಿ ಟೆನ್ ಬೂಮ್ 1971ರಲ್ಲಿ ಪ್ರಕಟವಾದ ತನ್ನ ನೆನಪಿನ ಪುಸ್ತಕದಲ್ಲಿ ಒಂದೇ ಕುಟುಂಬದೊಳಗಿನ ಭಿನ್ನಮತವನ್ನು ಬರೆದಿದ್ದಾಳೆ. ಆಕೆಯ ಅಕ್ಕನ ಮನೆಯಲ್ಲಿ ಯಾವ ಸ್ಥಿತಿಯಲ್ಲಿಯೂ ಸುಳ್ಳಾಡಬಾರದೆಂಬ ನಿಯಮವಿತ್ತು. ಸೈನಿಕರು ಬಂದು ಅಣ್ಣಂದಿರೆಲ್ಲಿ ಎಂದು ಕೇಳಿದಾಗ ಆ ಮನೆಯ ಹುಡುಗಿ ಮೇಜಿನ ಕೆಳಗಿದ್ದಾರೆಂದು ನಿಜವನ್ನೇ ಹೇಳಿ, ಭಯದಿಂದ ನಗತೊಡಗಿದಳು. ತಮ್ಮನ್ನು ಹಾಸ್ಯಮಾಡುತ್ತಿದ್ದಾಳೆಂದು ಭಾವಿಸಿ ಸೈನಿಕರು ಹೊರಟುಹೋದರು. ಹುಡುಗರು ಮೇಜಿನ ಕೆಳಗಿನ ನೆಲಮಾಳಿಗೆಯಲ್ಲಿದ್ದರು. ಈ ಘಟನೆಯ ಬಗ್ಗೆ ಕುಟುಂಬದವರಲ್ಲೇ ವಾದವಾಯಿತು. ಕೋರಿ ಸ್ವತಃ ಅಕ್ಕನ ನಿಯಮವನ್ನು ಒಪ್ಪಿರಲಿಲ್ಲ.

ಇದೇ ಕಾಲದಲ್ಲಿ ಹಿಟ್ಲರನ ವಿರುದ್ಧದ ಸಂಚಿನೊಡನೆ ಸಂಬಂಧವಿದ್ದ ಜರ್ಮನ್ ಪಾಸ್ಟರ್ ಡೀಟ್ರಿಶ್ ಬೋನ್‌ಹಾಫರ್ 1943ರ ಏಪ್ರಿಲಿನಲ್ಲಿ ಬಂಧಿತನಾಗಿ ಬರ್ಲಿನ್ನಿನ ಟೇಗೆಲ್ ಸೆರೆಮನೆಯಲ್ಲಿದ್ದನು. ಸಹಚರರನ್ನು ಉಳಿಸಲು ವಿಚಾರಣಾಧಿಕಾರಿಗಳಿಂದ ಅನೇಕ ಸಂಗತಿಗಳನ್ನು ಮರೆಸುತ್ತಿದ್ದ ದಿನಗಳಲ್ಲಿಯೇ ಸತ್ಯ ಹೇಳುವುದೆಂದರೇನು ಎಂಬ ಅಪೂರ್ಣ ಪ್ರಬಂಧವನ್ನು ಬರೆದನು. ಅದರ ಉದಾಹರಣೆ ಸೆರೆಮನೆಯದಲ್ಲ, ಶಾಲೆಯದು. ಉಪಾಧ್ಯಾಯನು ತರಗತಿಯೆದುರು ಮಗುವೊಂದನ್ನು, ನಿನ್ನ ತಂದೆ ಕುಡಿದು ಮನೆಗೆ ಬರುವುದು ನಿಜವೇ ಎಂದು ಕೇಳುತ್ತಾನೆ. ನಿಜವೇ ಆಗಿದ್ದರೂ ಮಗು ಇಲ್ಲವೆನ್ನುತ್ತದೆ. ಮಾತು ಸುಳ್ಳಾದರೂ ಆ ಉತ್ತರದಲ್ಲಿ ಹೆಚ್ಚಿನ ಸತ್ಯವಿದೆ. ತಪ್ಪು ಕುಟುಂಬದೊಳಕ್ಕೆ ಅನಧಿಕೃತವಾಗಿ ನುಗ್ಗಿದ ಉಪಾಧ್ಯಾಯನದು ಎಂದು ಬೋನ್‌ಹಾಫರ್ ವಾದಿಸುತ್ತಾನೆ. ಯಾರೊಂದಿಗೆ, ಯಾವ ಸಂಬಂಧದಲ್ಲಿ ಮಾತಾಡುತ್ತಿದ್ದೇವೆಂಬುದನ್ನು ಲೆಕ್ಕಿಸದೆ ಎಲ್ಲೆಡೆ ಎಲ್ಲವನ್ನೂ ಹೇಳಿಬಿಡುವವನು ಸತ್ಯದ ಗೊಂಬೆಯನ್ನಷ್ಟೆ ಪೂಜಿಸುತ್ತಾನೆಂಬುದು ಅವನ ಅಭಿಪ್ರಾಯದ ಸಾರ. 1945ರ ಏಪ್ರಿಲ್ 9ರಂದು ಅವನನ್ನು ಫ್ಲೋಸೆನ್‌ಬುರ್ಗ್ ಶಿಬಿರದಲ್ಲಿ ಗಲ್ಲಿಗೇರಿಸಲಾಯಿತು.

ಇಂದಿನ ಬೋಧನೆ ಮತ್ತು ದಿನಬಳಕೆ

ಕೆಥೋಲಿಕ ಸಭೆಯ ಅಧಿಕೃತ ಧರ್ಮೋಪದೇಶದ ಇತಿಹಾಸವೇ ಈ ವಾದ ಮುಗಿದಿಲ್ಲವೆಂಬುದನ್ನು ತೋರಿಸುತ್ತದೆ. 1992ರ ಮೊದಲ ಆವೃತ್ತಿಯ 2483ನೆಯ ಪರಿಚ್ಛೇದದಲ್ಲಿ, ನಿಜವನ್ನು ತಿಳಿಯುವ ಹಕ್ಕುಳ್ಳವನನ್ನು ತಪ್ಪುದಾರಿಗೆ ಎಳೆಯುವುದೇ ಸುಳ್ಳೆಂಬ ಅರ್ಥ ಬರುವಂತಿತ್ತು. 1997ರ ಲ್ಯಾಟಿನ್ ಆವೃತ್ತಿಯಲ್ಲಿ ಹಕ್ಕಿನ ಮಾತನ್ನು ತೆಗೆದುಹಾಕಲಾಯಿತು. ಅಂದರೆ ಗ್ರೋಷಿಯಸನ ಕಡೆಗೆ ವಾಲಿದ್ದ ವ್ಯಾಖ್ಯೆ ಅಗಸ್ಟೀನನತ್ತ ಮರಳಿತು. ಆದರೆ ತಿಳಿಯುವ ಹಕ್ಕಿಲ್ಲದವನಿಗೆ ನಿಜವನ್ನು ಹೊರಗೆಡಹುವ ಕಡ್ಡಾಯವಿಲ್ಲವೆಂಬ 2489ನೆಯ ಪರಿಚ್ಛೇದ ಹಾಗೆಯೇ ಉಳಿದಿದೆ. ಪಾಪನಿವೇದನೆಯಲ್ಲಿ ಕೇಳಿದುದನ್ನು ಗುರುವು ಯಾವ ಕಾರಣಕ್ಕೂ ಬಯಲುಮಾಡುವಂತಿಲ್ಲ.

ದಿನನಿತ್ಯದ ಬೋಧನೆಯಲ್ಲಿ ಕೊಲೆಗಾರ ಬಾಗಿಲಿಗೆ ಬರುವ ಪ್ರಸಂಗಕ್ಕಿಂತ ಹೆಚ್ಚು ಸ್ಥಳ ಪಡೆಯುವುದು ನಾಲಗೆಯ ಸಣ್ಣ ತಪ್ಪುಗಳು. ಇವುಗಳಲ್ಲಿ ಮೂರನ್ನು ಬೇರ್ಪಡಿಸಿ ಹೇಳಲಾಗುತ್ತದೆ. ಸಾಕಷ್ಟು ಆಧಾರವಿಲ್ಲದೆ ನೆರೆಯವನ ತಪ್ಪನ್ನು ನಂಬುವುದು ದುಡುಕಿನ ತೀರ್ಪು. ಸುಳ್ಳು ಹೇಳಿ ಅವನ ಹೆಸರು ಕೆಡಿಸುವುದು ಅಪವಾದ. ನಿಜವಾದ ತಪ್ಪನ್ನೇ ತಕ್ಕ ಕಾರಣವಿಲ್ಲದೆ ತಿಳಿಯದವರ ಮುಂದೆ ಎತ್ತಿಹೇಳುವುದು ಮಾನಹರಣ. ಕೊನೆಯದು ಹೊಸಬರಿಗೆ ಆಶ್ಚರ್ಯ ತರುವುದುಂಟು, ಏಕೆಂದರೆ ಇಲ್ಲಿ ಹೇಳಿದ ಮಾತೆಲ್ಲ ನಿಜವೇ. ಮುಖಸ್ತುತಿ, ಬಡಾಯಿ ಮತ್ತು ಇತರರ ಮೇಲಿನ ಕುಹಕದ ವ್ಯಂಗ್ಯವೂ ಈ ಆಜ್ಞೆಯ ಉಲ್ಲಂಘನೆಗಳಲ್ಲಿ ಸೇರುತ್ತವೆ. ಸುಳ್ಳಿನಿಂದ ಒಬ್ಬರಿಗೆ ಹಾನಿಯಾಗಿದ್ದರೆ ದೇವರಲ್ಲಿ ಕ್ಷಮೆ ಕೇಳಿದರಷ್ಟೇ ಸಾಲದು. ಕಳವಿನ ಮಾಲನ್ನು ಹಿಂದಿರುಗಿಸುವಂತೆ ಕೆಡಿಸಿದ ಹೆಸರನ್ನೂ ಸರಿಪಡಿಸಬೇಕು, ಬಹಿರಂಗವಾಗಿ ಸಾಧ್ಯವಿಲ್ಲದಿದ್ದರೆ ಗುಟ್ಟಾಗಿಯಾದರೂ ಪರಿಹಾರ ಸಲ್ಲಿಸಬೇಕು ಎಂಬುದು ಕೆಥೋಲಿಕ ಬೋಧನೆ.